ಹಣೆಯ ಮೇಲಿನ ಕಾಸು

ಆವಲಪ್ಪನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಆಧಾರ್ ಕಾರ್ಡಿಗೆ ಬೆರಳೊತ್ತಲು ಹೋದಾಗ ಯಂತ್ರ ಅವನನ್ನು ಗುರುತಿಸಲಿಲ್ಲ. ಬೇರೆ ಬೆರಳು ಇಡಿ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಹೊಸಕೋಟೆಯಿಂದ ಜಡಿಗೇನಹಳ್ಳಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿಯೇ ತಲೆ ನರೆಸಿಕೊಂಡವನು ಅವನು. ಚರ್ಮದ ಚೀಲದೊಳಗೆ ಕೈ ಇಳಿಬಿಟ್ಟರೆ ಒಂದು, ಎರಡು, ಐದರ ನಾಣ್ಯಗಳು ತಾವಾಗಿಯೇ ಬಂದು ಬೆರಳ ಸಂದಿಯಲ್ಲಿ ಕೂರುತ್ತಿದ್ದವು. ಆ ಚಿಲ್ಲರೆ ಉಜ್ಜಿ ಉಜ್ಜಿ ಹೆಬ್ಬೆರಳು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು.

ಅವನು ನಾಣ್ಯವನ್ನು ಉಜ್ಜುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ನಿವೃತ್ತರಾಗಿದ್ದ ರಾಮಾಂಜಿನಪ್ಪ ಎಂಬುವರು ಹೊಸಕೋಟೆಯಲ್ಲಿ ಕೆರೆಯ ಏರಿಯ ಕಡೆ ಮನೆ ಮಾಡಿಕೊಂಡಿದ್ದರು. ಜಮೀನು ನೋಡಲು ವಾರಕ್ಕೊಮ್ಮೆ ಇವನ ಬಸ್ಸಿಗೆ ಬರುತ್ತಿದ್ದರು. ಒಂದು ದಿನ ಇವನು ಕೊಟ್ಟ ಎರಡು ರೂಪಾಯಿಯನ್ನು ಜೇಬಿಗೆ ಹಾಕಿಕೊಳ್ಳದೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕುಳಿತರು. ಅದರ ಚಿತ್ರ ನಡುವೆ ಕೂರದೆ ಒಂದು ಪಕ್ಕಕ್ಕೆ ಜಾರಿತ್ತು, ಅಂಚಿನಲ್ಲಿ ಉಗುರಿನಷ್ಟಗಲ ಬೋಳು ಲೋಹ. ಇಂಥದ್ದನ್ನು ಹುಡುಕುವ ಜನ ಇದ್ದಾರೆ, ಇಟ್ಟುಕೋ ಎಂದು ಅದನ್ನು ಇವನಿಗೇ ವಾಪಸು ಕೊಟ್ಟು ಹೇಳಿದ್ದು ಅವರೇ. ನಾಣ್ಯ ಒತ್ತುವ ಟಂಕಸಾಲೆಯಲ್ಲಿ ಅಚ್ಚು ಜಾರುತ್ತದೆ, ಕೆಲವೊಮ್ಮೆ ಬೀಳುವುದೇ ಇಲ್ಲ. ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ಅಂಕಿ ನೆಟ್ಟಗೆ ನಿಲ್ಲಬೇಕು. ಓರೆಯಾಗಿ ನಿಂತರೆ ಅದೂ ತಪ್ಪೇ. ಆದರೆ ರೈಲುಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದಕ್ಕೂ, ಸುತ್ತಿಗೆಯಲ್ಲಿ ಬಡಿದದ್ದಕ್ಕೂ, ಸವೆದದ್ದಕ್ಕೂ ಮೂರು ಕಾಸಿನ ಬೆಲೆಯಿಲ್ಲ.

"ಹುಟ್ತಾ ಆದ ತಪ್ಪಿಗೆ ಬೆಲೆ ಐತೆ ಆವಲಪ್ಪ. ಬೀದೀಲಿ ತಿಂದ ಏಟಿಗೆ ಇಲ್ಲ" ಎಂದಿದ್ದರು ರಾಮಾಂಜಿನಪ್ಪ.

ಆ ಮಾತು ಅವನೊಳಗೆ ಇಳಿದು ಕೂತಿತು. ಅಂದಿನಿಂದ ಕೈಗೆ ಬಂದ ಪ್ರತಿ ನಾಣ್ಯವೂ ಅವನ ಹೆಬ್ಬೆರಳಿನಡಿ ಒಂದು ಸುತ್ತು ತಿರುಗಿಯೇ ಚೀಲಕ್ಕೆ ಬೀಳುತ್ತಿತ್ತು. ನನ್ನ ಕಾಸಿಗೇನು ಜ್ವರ ಬಂದಿದೆಯೆಂದು ನಾಡಿ ಹಿಡಿದು ನೋಡುತ್ತೀಯಾ ಎಂದು ಬಸ್ಸಿನವರು ತಮಾಷೆ ಮಾಡುತ್ತಿದ್ದರು. ಊರಿನಲ್ಲಿ ಅವನಿಗೆ ಸೊಟ್ಟಕಾಸಿನ ಆವಲಪ್ಪ ಎಂದೇ ಹೆಸರು ಬಿತ್ತು. ಅವನಿಗೇನೂ ಬೇಸರವಿರಲಿಲ್ಲ.

ಅವನ ಹೆಂಡತಿ ಮುನಿಗಂಗಮ್ಮ ಹೊಸಕೋಟೆಯ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ನಸುಕಿಗೆ ದಂಟು, ಸಬ್ಬಸಿಗೆ, ಕೊತ್ತಂಬರಿಯ ಕಟ್ಟುಗಳನ್ನು ಗೋಣಿತಾಟಿನಲ್ಲಿ ಸುತ್ತಿ ಗಂಡನ ಬಸ್ಸಿಗೇ ಹತ್ತುವಳು. ಅವಳ ಹತ್ತಿರ ಟಿಕೆಟ್ಟಿಗೆ ಕೈ ಚಾಚಿ ನಿಲ್ಲುವುದು ಅವನ ದಿನದ ಮೊದಲ ತಮಾಷೆ. ಸೊಪ್ಪಿನ ಕಟ್ಟಿನಿಂದ ಅವನ ಮೊಣಕೈಗೆ ತಟ್ಟುವುದು ಅವಳ ಉತ್ತರ. ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಸೊಂಟದ ಚೀಲ ಬಿಚ್ಚಿ ಚಿಲ್ಲರೆಯನ್ನೆಲ್ಲ ಅವನ ಮುಂದೆ ಚಾಪೆಗೆ ಸುರಿಯುತ್ತಿದ್ದಳು. ಮಣ್ಣಿನ, ಸೊಪ್ಪಿನ, ಎಲೆಯಡಿಕೆಯ ವಾಸನೆ ಹೊತ್ತ ನಾಣ್ಯಗಳು. ಅವನು ಒಂದೊಂದನ್ನೇ ಮಗುಚಿ ನೋಡುತ್ತಿದ್ದ. ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಾ, ಏನಾದ್ರೂ ಸಿಕ್ತಾ ಎಂದು ತಿರುಗಿ ನೋಡದೆಯೇ ಕೇಳುತ್ತಿದ್ದಳು. ಬಹುತೇಕ ದಿನ ಏನೂ ಸಿಗುತ್ತಿರಲಿಲ್ಲ. ಆ ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ. ಸಿಕ್ಕ ಕೆಲವು ಬಿಸ್ಕತ್ತಿನ ತಗಡಿನ ಡಬ್ಬಿ ಸೇರಿದ್ದವು. ಅವನ್ನು ಮಾರುವ ಯೋಚನೆಯೂ ಅವನಿಗೆ ಬಂದಿರಲಿಲ್ಲ.

ಬಂದದ್ದು ಫೋನಿನಿಂದ. ಹಳೆಯ ಮತ್ತು ತಪ್ಪು ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಒಂದು ವಿಡಿಯೊ, ಕೆಳಗೊಂದು ನಂಬರು. ಇಂಥವೆಲ್ಲ ಸುಳ್ಳು, ಫೋನಿನಲ್ಲಿ ಲಕ್ಷ ಅಂದವನ ಹತ್ತಿರ ಮಾತೇ ಆಡಬೇಡ ಎಂದು ರಾಮಾಂಜಿನಪ್ಪ ಮೊದಲೇ ಎಚ್ಚರಿಸಿದ್ದರು. ಆವಲಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಜಾರಿದ ಅಚ್ಚಿನ ಆ ಎರಡು ರೂಪಾಯಿಯ ಫೋಟೊ ಕಳಿಸಿದ. ಆ ಕಡೆಯ ದನಿ ಮೃದುವಾಗಿತ್ತು, ನಮ್ಮ ಕಡೆಯವರದೇ ಅನ್ನಿಸುವ ಕನ್ನಡ, ಮಾತಿಗೊಮ್ಮೆ ಅಣ್ಣಾ ಎನ್ನುವ ಸಲಿಗೆ. ಇಷ್ಟು ವರ್ಷ ಅವನ ಕಣ್ಣನ್ನು ಮೆಚ್ಚಿ ಮಾತಾಡಿದವರು ಯಾರಿದ್ದರು? ಮೊದಲು ನೋಂದಣಿ ಎಂದರು, ಆಮೇಲೆ ತೆರಿಗೆ, ಆಮೇಲೆ ಕೊರಿಯರಿನ ವಿಮೆ. ಕೊನೆಯದಕ್ಕೆ ದುಡ್ಡಿರಲಿಲ್ಲ. ಮುನಿಗಂಗಮ್ಮ ತವರಿನಿಂದ ತಂದಿದ್ದ ಕೆಂಪು ಕಲ್ಲಿನ ಓಲೆಗಳನ್ನು ತಾನೇ ಕಿವಿಯಿಂದ ಬಿಚ್ಚಿ ಕೊಟ್ಟಳು. ಅವನು ಕೇಳಿರಲಿಲ್ಲ. ಹೊಸಕೋಟೆಯ ಗಿರವಿ ಅಂಗಡಿಯಲ್ಲಿ ಅವನ್ನಿಟ್ಟು ಹಣ ಕಳಿಸಿದ ಮಾರನೆಯ ದಿನದಿಂದ ಆ ನಂಬರು ಮಾತಾಡಲಿಲ್ಲ.

ಅವಳು ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತು. ಕಿವಿಯ ತೂತು ಮುಚ್ಚಿಹೋಗಬಾರದೆಂದು ಪೊರಕೆಯಿಂದ ಎರಡು ಕಡ್ಡಿ ಮುರಿದು, ಗಿಡ್ಡ ಮಾಡಿ, ಸಿಕ್ಕಿಸಿಕೊಂಡಳು ಅಷ್ಟೆ. ಸಂಜೆ ಸೊಂಟದ ಚೀಲವನ್ನು ಬಿಚ್ಚದೆ ಹಾಗೆಯೇ ಗೂಟಕ್ಕೆ ತೂಗುಹಾಕಿದಳು. ಅವನು ಅಭ್ಯಾಸಬಲದಿಂದ ಕೈ ಚಾಚಿದಾಗ, "ನನ್ ಕಾಸು ಮುಟ್ಬ್ಯಾಡ" ಎಂದಳು. ಏನಾದ್ರೂ ಸಿಕ್ತಾ ಎಂದು ಆ ಮನೆಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ಡಬ್ಬಿಯಲ್ಲಿದ್ದ ನಾಣ್ಯಗಳನ್ನು ಆವಲಪ್ಪ ಚೀಲಕ್ಕೆ ಸುರಿದುಕೊಂಡು ಪ್ರಯಾಣಿಕರಿಗೆ ಚಿಲ್ಲರೆಯಾಗಿ ಹಂಚಿಬಿಟ್ಟ. ಹೆಬ್ಬೆರಳು ಮಾತ್ರ ಮಾತು ಕೇಳಲಿಲ್ಲ, ಬಂದದ್ದನ್ನು ಉಜ್ಜುತ್ತಲೇ ಇತ್ತು.

ಬರುವುದೂ ಕಡಿಮೆಯಾಗಿತ್ತು. ಬಸ್ಸಿನ ಕಂಬಿಗೆ ಮಾಲೀಕರು ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದರು. ಹುಡುಗರು, ಹೆಂಗಸರು, ಹಾಲಿನ ಡೇರಿಗೆ ಹೋಗುವ ಮುದುಕರೂ ಫೋನೆತ್ತಿ ತೋರಿಸುತ್ತಿದ್ದರು. ಚೀಲ ದಿನದಿನಕ್ಕೆ ಹಗುರಾಗುತ್ತಿತ್ತು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ, ಹೊಸಕೋಟೆಯಲ್ಲಿ ಹೆಂಡತಿಯನ್ನು ಇಳಿಸಿ ವಾಪಸು ಬರುವಾಗ, ಯಾರೋ ಕೊಟ್ಟ ಒಂದು ರೂಪಾಯಿಯ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು. ಒಂದು ಮುಖದಲ್ಲಿ ಸಿಂಹಗಳ ಲಾಂಛನ ಎಂದಿನಂತೆ ಉಬ್ಬಿತ್ತು. ಮಗುಚಿದ. ಅಲ್ಲಿ ಅಂಕಿ ಇರಲಿಲ್ಲ. ಅದೇ ಸಿಂಹಗಳು, ಆದರೆ ತಿರುಗುಮುರುಗಾಗಿ, ಒಳಕ್ಕೆ ತಗ್ಗಿ, ಹಸಿ ಮಣ್ಣಿನಲ್ಲಿ ಯಾರೋ ಮುಖವೊತ್ತಿ ಎದ್ದುಹೋದ ಹಾಗೆ. ಮೊದಲು ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡುಬಿಟ್ಟರೆ ಮುಂದಿನದು ಅದರ ಮುಖಕ್ಕೇ ಒತ್ತಿಕೊಂಡು ಹೀಗಾಗುತ್ತದೆ ಎಂದು ರಾಮಾಂಜಿನಪ್ಪ ಹೇಳಿದ್ದು ನೆನಪಾಯಿತು. ಓಡುವ ಬಸ್ಸಿನಲ್ಲಿ ಮೆಟ್ಟಿಲ ಮೇಲೇ ಕುಳಿತು ಅವನು ಅದನ್ನು ಮತ್ತೊಮ್ಮೆ ಮಗುಚಿ ನೋಡಿದ.

ಜಡಿಗೇನಹಳ್ಳಿಯಲ್ಲಿ ಬಸ್ಸು ನಿಂತಾಗ ರಾಮಾಂಜಿನಪ್ಪನವರಿಗೆ ಫೋನು ಮಾಡಿದ. ಅವರು ಎರಡೆರಡು ಸಲ ಬಿಡಿಸಿ ಕೇಳಿದರು. ನೀನು ಹೇಳಿದ ಹಾಗೇ ಇದ್ದರೆ ನಾನೇ ತೆಗೆದುಕೊಳ್ಳುತ್ತೇನೆ, ಲಕ್ಷವಲ್ಲ, ನಿನ್ನ ಹೆಂಡತಿಯ ಓಲೆ ಬಿಡಿಸಿಕೊಳ್ಳುವಷ್ಟು ಖಂಡಿತ. ಉಜ್ಜಬೇಡ, ತೊಳೆಯಬೇಡ, ಹಾಗೆಯೇ ತಾ ಎಂದರು. ಮುಂದಿನ ಟ್ರಿಪ್ಪಿಗೇ ಒಯ್ದು ಕೊಡಬಹುದಿತ್ತು. ಆದರೆ ಮಾರುವ ಮೊದಲು ಅದನ್ನು ಮುನಿಗಂಗಮ್ಮನ ಅಂಗೈ ಮೇಲಿಡಬೇಕು, ಅವಳೇ ಮಗುಚಿ ನೋಡಬೇಕು ಎಂಬ ಆಸೆ ಅವನಿಗೆ. ಚೀಲದಲ್ಲಿ ಬೇರೆ ಚಿಲ್ಲರೆಯೊಂದಿಗೆ ಕಲೆತುಹೋದೀತೆಂದು ಮನೆಗೆ ಓಡಿ, ದೇವರ ಗೂಡಿನಲ್ಲಿ ಬೀರಪ್ಪನ ಫೋಟೊದ ಮುಂದೆ ಇಟ್ಟು ಬಂದ. ಆಮೇಲೆ ಅವಳಿಗೆ ಫೋನು ಮಾಡಿದ.

"ಗಂಗೀ, ಇವತ್ತು ಬಿರ್ನೆ ಬಂದ್ಬಿಡು. ಒಂದ್ ತೋರಿಸ್ಬೇಕು."

"ಮತ್ತೆ ಕಾಸಾ?"

ಅಷ್ಟು ಹೇಳಿ ಅವಳು ಫೋನಿಟ್ಟಳು. ಮಧ್ಯಾಹ್ನದ ಟ್ರಿಪ್ಪಿಗೆ ಅವನು ಹೊಸಕೋಟೆ ತಲುಪುವಷ್ಟರಲ್ಲಿ ಅವಳು ಸೊಪ್ಪಿನ ಮೇಲೆ ಕವುಚಿ ಬಿದ್ದಿದ್ದಳು. ನೀರು ಚಿಮುಕಿಸಲು ಬಗ್ಗಿದವಳು ಹಾಗೆಯೇ ಒರಗಿದಳು ಎಂದರು ಪಕ್ಕದ ಹೂವಿನವರು. ಆಸ್ಪತ್ರೆಯಲ್ಲಿ ಎದೆಯ ಮೇಲೆ ಕೈಯಿಟ್ಟು ನೋಡಿದ ವೈದ್ಯರು, ಬರುವ ಮೊದಲೇ ಹೋಗಿದೆ ಎಂದರು. ಹೆಣದೊಂದಿಗೆ ಅವನು ವ್ಯಾನಿನಲ್ಲಿ ಊರಿಗೆ ಬಂದ. ಅವಳ ಕೂದಲಲ್ಲಿ ಕೊತ್ತಂಬರಿಯ ಎಲೆಗಳು ಸಿಕ್ಕಿಕೊಂಡಿದ್ದವು. ದಾರಿಯುದ್ದಕ್ಕೂ ಅವನ್ನು ಒಂದೊಂದಾಗಿ ತೆಗೆಯುತ್ತಾ ಕುಳಿತ.

ಅದೇ ಊರಿಗೆ ಕೊಟ್ಟಿದ್ದ ಅವನ ಅಕ್ಕ ಅನುಸೂಯಮ್ಮ ಎಲ್ಲವನ್ನೂ ವಹಿಸಿಕೊಂಡಳು. ಮಧುರೆ ಎಂಬ ಹಳ್ಳಿಗೆ ಕೊಟ್ಟಿದ್ದ ಮಗಳು ಆಶಾರಾಣಿ ಗಂಡ ಹರಿಪ್ರಸಾದನ ಬೈಕಿನಲ್ಲಿ ಬಂದವಳೇ ತಾಯಿಯ ಕಾಲಿನ ಮೇಲೆ ತಲೆಯಿಟ್ಟು ಬಿದ್ದಳು. ಸಂಜೆಗೆ ಮಣ್ಣು ಮಾಡುವುದೆಂದಾಯಿತು. ಸ್ನಾನ ಮಾಡಿಸಿ, ಮುಖಕ್ಕೆ ಅರಿಶಿನ ಬಳಿದು, ಹಸಿರು ಬಳೆ ತೊಡಿಸಿ, ಹೊಸ ಸೀರೆ ಉಡಿಸಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದರು. ಗಂಡನಿಗಿಂತ ಮುಂಚೆ ಹೊರಟ ಮುತ್ತೈದೆ. ಅವಳನ್ನು ಮದುವಣಗಿತ್ತಿಯ ಹಾಗೆ ಕಳಿಸಬೇಕು. ಹೂವು ಮುಡಿಸಲು ಕೂದಲು ಹಿಂದಕ್ಕೆ ಸರಿಸಿದಾಗ ಕಿವಿಯ ಪೊರಕೆಕಡ್ಡಿಗಳು ಎಲ್ಲರಿಗೂ ಕಂಡವು. ನೆರೆಯವಳೊಬ್ಬಳು ತನ್ನ ಓಲೆಯನ್ನೇ ಬಿಚ್ಚಿಕೊಡುವೆ, ಗುಂಡಿಯ ಹತ್ತಿರ ತೆಗೆದುಕೊಂಡರಾಯಿತು ಎಂದಳು. ಎರವಲು ಚಿನ್ನದಲ್ಲಿ ಅವಳು ಹೋಗುವುದು ಬೇಡ ಎಂದಳು ಆಶಾರಾಣಿ. ಕಂಬಕ್ಕೊರಗಿ ಕುಳಿತಿದ್ದ ಆವಲಪ್ಪ ಅದನ್ನು ಕೇಳಿಸಿಕೊಂಡ.

ಹಣೆಗೆ ಇಡಲು ಒಂದು ರೂಪಾಯಿ ಬೇಕಿತ್ತು. ಅನುಸೂಯಮ್ಮ ಗಂಡಸರತ್ತ ಕೈಯೊಡ್ಡಿದಳು. ಒಬ್ಬೊಬ್ಬರೂ ಜೇಬು ಮುಟ್ಟಿ ನೋಡಿಕೊಂಡರು. ಎಲ್ಲರ ಜೇಬಿನಲ್ಲೂ ಫೋನಿತ್ತು, ಯಾರ ಹತ್ತಿರವೂ ಒಂದು ನಾಣ್ಯವಿರಲಿಲ್ಲ. ಆವಲಪ್ಪನ ಚೀಲ ಬಸ್ಸಿನಲ್ಲೇ ಉಳಿದಿತ್ತು. ಮುನಿಗಂಗಮ್ಮನ ಸೊಂಟದ ಚೀಲ ಮಾರುಕಟ್ಟೆಯ ಗದ್ದಲದಲ್ಲಿ ಎಲ್ಲಿ ಹೋಯಿತೋ. ಕಾಸಿನ ಆವಲಪ್ಪನ ಮನೆಯಲ್ಲೇ ಕಾಸಿಗೆ ಬರ ಬಂತಲ್ಲ ಎಂದು ಎದುರುಮನೆಯ ಹಿರಿಯ ಕೊಂಡಪ್ಪ ಬೀಡಿ ಆರಿಸುತ್ತಾ ಗೊಣಗಿದ. ಅನುಸೂಯಮ್ಮ ಒಳಗೆ ಹೋಗಿ ಬಂದಳು. ಗಂಧ ಕಲಸಿದ ಅರಿಶಿನ ಹಚ್ಚಿ ಒಂದು ನಾಣ್ಯವನ್ನು ಹಣೆಯ ನಡುವೆ ಒತ್ತಿದಳು. ಸಿಂಹದ ಮುಖ ಮೇಲಕ್ಕಿತ್ತು.

ಬಾಯಿಗೆ ಅಕ್ಕಿ ಹಾಕಲು ಅವನನ್ನು ಕರೆದಾಗಲೇ ಅವನು ಅದನ್ನು ನೋಡಿದ್ದು. ಅಕ್ಕಿ ಕೈಯಲ್ಲೇ ಉಳಿಯಿತು. ಒಳಗೆ ಹೋಗಿ ನೋಡಿದ. ದೇವರ ಗೂಡು ಬರಿದಾಗಿತ್ತು.

ಹೊರಗೆ ಬಂದು ಮತ್ತೆ ಕಂಬಕ್ಕೊರಗಿ ಕುಳಿತ. ಹೇಳಬಹುದಿತ್ತು. ಅದು ಸಾಮಾನ್ಯ ಕಾಸಲ್ಲ, ಅದಕ್ಕೆ ಬೆಲೆಯಿದೆ, ಕೊಳ್ಳುವವರು ಕಾಯುತ್ತಿದ್ದಾರೆ, ಓಲೆ ಬಿಡಿಸಬಹುದು. ಆದರೆ ನಾಲಗೆಯ ತುದಿಗೆ ಬಂದ ಒಂದೊಂದು ಮಾತೂ ಹಿಂದಿನ ವರ್ಷ ಇದೇ ಜಗಲಿಯ ಮೇಲೆ ಅವನು ಆಡಿದ ಮಾತೇ ಆಗಿತ್ತು. ಆಗ ನಂಬಿ ಕಿವಿಯಿಂದ ಬಿಚ್ಚಿಕೊಟ್ಟವಳು ಒಬ್ಬಳೇ. ಅವಳು ಈಗ ಕಣ್ಣು ಮುಚ್ಚಿ, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಕುಳಿತಿದ್ದಳು. ಹಣೆಯ ಕಾಸು ಗುಂಡಿ ತೋಡಿದವರಿಗೆ ಸಲ್ಲುತ್ತದೆ, ಅವರು ಅದನ್ನು ಬೀಡಿಗೋ ಟೀಗೋ ಕೊಡುತ್ತಾರೆ. ಚಟ್ಟಕ್ಕೆ ಬಿದಿರು ಕಡಿಯುವ ಸದ್ದು ಕೇಳುತ್ತಿತ್ತು. ಹೊತ್ತು ಇಳಿಯುತ್ತಿತ್ತು.

ಅವನು ಎದ್ದ. ಎಲ್ಲರ ಕಣ್ಣೆದುರಿಗೆ ಹೆಂಡತಿಯ ಹಣೆಗೆ ಕೈ ಹಾಕಿ ನಾಣ್ಯವನ್ನು ಕಿತ್ತ. ಅರಿಶಿನದಲ್ಲಿ ದುಂಡಗೆ ಒಂದು ಬೋಳು ಉಳಿಯಿತು.

"ಅಕ್ಕ, ಬ್ಯಾರೆ ಕಾಸು ಹಾಕು. ಇದು ಬ್ಯಾಡ."

ಅನುಸೂಯಮ್ಮ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು. "ಹೆಣದ್ ಮೇಲಿನ ಕಾಸನ್ನೂ ಬಿಡಾಕಿಲ್ವೇನೋ ನೀನು?"

ಅವನು ಮಗಳತ್ತ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಆವಲಪ್ಪ ಹರಿಪ್ರಸಾದನ ತೋಳು ಹಿಡಿದು, ಬೈಕು ತೆಗಿ, ಹೊಸಕೋಟೆಗೆ ಬಿಡು ಎಂದ. ಅಳಿಯ ಬೈಕು ತೆಗೆದ. ಮಾವನಿಗೆ ತಲೆ ಕೆಟ್ಟಿದೆ, ಒಬ್ಬನೇ ಬಿಡಬಾರದು ಎಂದುಕೊಂಡಿರಬೇಕು.

ರಾಮಾಂಜಿನಪ್ಪ ಭೂತಗನ್ನಡಿಯಡಿ ನಾಣ್ಯವನ್ನು ತುಂಬ ಹೊತ್ತು ನೋಡಿದರು. ತಗ್ಗಿದ ಸಿಂಹಗಳ ತುಂಬ ಅರಿಶಿನ ಮೆತ್ತಿತ್ತು. ಉಜ್ಜಬೇಡ ಅಂದಿದ್ದೆನಲ್ಲ, ಪೂಜೆ ಮಾಡಿಬಿಟ್ಟೆಯಾ ಎಂದು ನಗುತ್ತಾ ತಲೆಯೆತ್ತಿದವರು, ಆವಲಪ್ಪನ ಹೆಗಲ ಮೇಲಿನ ಒದ್ದೆ ಟವೆಲ್ಲು, ಬರಿಗಾಲು, ಕೈಗಂಟಿದ ಅಕ್ಕಿ ನೋಡಿ ನಗು ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಹರಿಪ್ರಸಾದ ವಿಷಯ ಹೇಳಿದ. ಅವರು ಒಳಗಿನಿಂದ ಹಣ ತಂದು ಅವನ ಜೇಬಿಗೆ ತುರುಕಿದರು. ನಾಣ್ಯವನ್ನು ವಾಪಸು ಇಟ್ಟುಕೋ ಎಂದರು. ಅವನು ಒಪ್ಪಲಿಲ್ಲ, ವ್ಯಾಪಾರ ವ್ಯಾಪಾರವೇ ಆಗಬೇಕಿತ್ತು ಅವನಿಗೆ. ಅದು ದಾನವಾಗಿಬಿಟ್ಟರೆ ಹೆಂಡತಿಗೆ ತೋರಿಸಬೇಕೆಂದಿದ್ದ ನಿಜವೂ ಸುಳ್ಳಾಗುತ್ತಿತ್ತು.

ಗಿರವಿ ಅಂಗಡಿಯವನು ಚೀಟಿ ಹುಡುಕಿ, ಬಡ್ಡಿ ಲೆಕ್ಕ ಹಾಕಿ, ಓಲೆಯ ಪೊಟ್ಟಣ ತೆಗೆಯುವಷ್ಟರಲ್ಲಿ ಊರಿನಿಂದ ಫೋನಿನ ಮೇಲೆ ಫೋನು ಬಂತು. ಅವರು ತಿರುಗಿ ಬಂದಾಗ ಚಟ್ಟ ಸಿದ್ಧವಾಗಿತ್ತು. ಯಾರೋ ಅಂಗಡಿಯಿಂದ ಒಂದು ರೂಪಾಯಿ ತಂದು ಹಣೆಗಿಟ್ಟಿದ್ದರು. ಆವಲಪ್ಪ ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ, ಕಡ್ಡಿಗಳನ್ನು ಎಳೆದುಹಾಕಿ, ಓಲೆ ತೊಡಿಸಲು ನೋಡಿದ. ಕಿವಿ ತಣ್ಣಗೆ ಬಿಗಿದಿತ್ತು. ಬಲಗಡೆಯದು ಹೇಗೋ ಹೋಯಿತು. ಎಡಗಡೆಯ ತಿರುಪು ಅವನ ನುಣುಪು ಬೆರಳಿಗೆ ಸಿಗದೆ ಜಾರಿ ಜಾರಿ ಬಿತ್ತು. ಕೊನೆಗೆ ಆಶಾರಾಣಿ ಅವನ ಕೈ ಸರಿಸಿ ತಾನೇ ತಿರುಗಿಸಿದಳು. ಅವನ ಮುಖ ನೋಡಲಿಲ್ಲ. ಊರು ಕಂಡದ್ದು ಎರಡನ್ನೂ, ಕಾಸು ಕಿತ್ತದ್ದನ್ನೂ ಓಲೆ ತಂದದ್ದನ್ನೂ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಂಟು ಹೇಳುವ ಮಾತು ಅವನ ಬಾಯಿಂದ ಬರಲಿಲ್ಲ. ಹರಿಪ್ರಸಾದ ಆ ಹಣವನ್ನು ಸಾವಿನ ಮನೆಗೆ ಕೊಟ್ಟ ಸಹಾಯವೆಂದೇ ತಿಳಿದಿದ್ದ.

ಗುಂಡಿಯ ಹತ್ತಿರ ಕೊಂಡಪ್ಪ, ಚಿನ್ನ ತೆಗೆದುಕೊಳ್ಳಿ ಎಂದ. ಅದು ರೂಢಿ. ಅನುಸೂಯಮ್ಮ ಕೈ ಮುಂದೆ ಮಾಡಿದಳು. ಆವಲಪ್ಪ ಅಡ್ಡ ನಿಂತ.

"ಇರ್ಲಿ."

"ಇರ್ಲಿ ಅಂದ್ರೆ? ಊರಿಗೆಲ್ಲ ಗೊತ್ತಾಗೈತೆ ಕಣಪ್ಪ, ಕಿವೀಲಿ ಓಲೆ ಐತೆ ಅಂತ. ಯಾವನಾದ್ರೂ ಗುದ್ಲಿ ತತ್ತಾನೆ" ಎಂದ ಕೊಂಡಪ್ಪ.

"ಅವಳ್ದು. ಅವಳ್ ಕಿವೀಲೇ ಇರ್ಲಿ."

ಒಂದು ರೂಪಾಯಿಯನ್ನು ಹೆಣದಿಂದ ಕಿತ್ತವನು ಚಿನ್ನವನ್ನು ಮಣ್ಣಿಗೆ ಹಾಕುತ್ತೇನೆ ಅನ್ನುತ್ತಾನೆ, ಇವನಿಗೆ ಬುದ್ಧಿ ಕೆಟ್ಟಿದೆ ಎಂದು ಗಂಡಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮಗಳಿಗಾದರೂ ಕೊಡು ಎಂದಳು ಅನುಸೂಯಮ್ಮ. ಎಲ್ಲರೂ ಆಶಾರಾಣಿಯತ್ತ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು, ಬೇಡವೆಂದು. ಅವಳು ಬೇಡವೆಂದದ್ದು ಅವ್ವನಿಗಿರಲಿ ಎಂದೋ, ಆ ಕೈಯಿಂದ ಬಂದದ್ದು ತನಗೆ ಬೇಡವೆಂದೋ ಆವಲಪ್ಪನಿಗೆ ತಿಳಿಯಲಿಲ್ಲ. ಮಣ್ಣು ಬಿತ್ತು. ತಲೆಯ ಕಡೆ ಜಾಲಿಮುಳ್ಳು ಎಳೆದು ಮುಚ್ಚಿದರು.

ಮೂರನೆಯ ದಿನ ಹಾಲುತುಪ್ಪಕ್ಕೆ ಹೋದರು. ಮುಂದೆ ಮುಂದೆ ಹಾಲಿನ ಚೊಂಬು ಹಿಡಿದು ಆಶಾರಾಣಿ, ಹಿಂದೆ ಆವಲಪ್ಪ, ಅನುಸೂಯಮ್ಮ, ಕೊಂಡಪ್ಪ. ಆಶಾರಾಣಿ ಥಟ್ಟನೆ ನಿಂತಳು. ಜಾಲಿಮುಳ್ಳು ಪಕ್ಕಕ್ಕೆ ಸರಿದಿತ್ತು. ತಲೆಯ ಕಡೆಯ ಮಣ್ಣು ಸಡಿಲವಾಗಿ, ಒಂದು ಗೇಣು ಕೆಳಗಿಳಿದು, ಮಿಕ್ಕ ಗುಡ್ಡೆಗಿಂತ ಬೇರೆಯದೇ ಬಣ್ಣವಾಗಿತ್ತು. ನಾಯಿಗಳಿರಬೇಕು ಎಂದಳು ಅನುಸೂಯಮ್ಮ. ಮಣ್ಣು ಹೊಸದು, ತಾನಾಗಿ ಕುಸಿದಿದ್ದರೂ ಕುಸಿದಿರಬಹುದು ಎಂದ ಕೊಂಡಪ್ಪ, ದೂರದ ನೀಲಗಿರಿ ತೋಪಿನತ್ತ ನೋಡುತ್ತಾ. ಅವನ ದನಿಯಲ್ಲಿ, ನಾನು ಹೇಳಿರಲಿಲ್ಲವೇ ಎಂಬುದು ಇರಲಿಲ್ಲ. ಅದಕ್ಕಾಗಿ ಆವಲಪ್ಪನಿಗೆ ಅವನ ಮೇಲೆ ಕೃತಜ್ಞತೆ ಹುಟ್ಟಿತು.

ಆಶಾರಾಣಿ ಚೊಂಬನ್ನು ಕೆಳಗಿಟ್ಟಳು. ಮೂರು ದಿನದಲ್ಲಿ ಮೊದಲ ಸಲ ತಂದೆಯ ಮುಖ ನೋಡಿದಳು.

"ತೆಗ್ದು ನೋಡಾನಾ ಅಪ್ಪ?"

ಆವಲಪ್ಪ ಕುಕ್ಕರುಗಾಲಿನಲ್ಲಿ ಕುಳಿತ. ಆ ಸಡಿಲ ಮಣ್ಣಿನ ಮೇಲೆ ಅಂಗೈಯಿಟ್ಟ. ಇಬ್ಬನಿಯಲ್ಲಿ ನೆನೆದು ತಣ್ಣಗಿತ್ತು. ಎರಡು ಹಿಡಿ ಸರಿಸಿದರೆ, ಇನ್ನೆರಡು ಸರಿಸಿದರೆ, ಗೊತ್ತಾಗುತ್ತಿತ್ತು.

"ಬ್ಯಾಡಮ್ಮ" ಎಂದ.

ಆಮೇಲೆ ಪಕ್ಕದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಬಾಚಿ ಆ ತಗ್ಗಿಗೆ ಎಳೆಯತೊಡಗಿದ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದ ಆಶಾರಾಣಿಯೂ ಅವನೆದುರು ಕುಳಿತು ಆ ಕಡೆಯಿಂದ ಎಳೆದಳು. ಗುಡ್ಡೆ ಸಮವಾದ ಮೇಲೆ ಅವಳು ಹಾಲು ಹೊಯ್ದಳು. ಹಾಲು ನಿಲ್ಲಲಿಲ್ಲ, ಹೊಯ್ದಷ್ಟೂ ಇಳಿಯುತ್ತಾ ಹೋಯಿತು.